1942ರ ಹಾಸನ ಸೀಮೆ, ಈಸೂರಿನ ಗಲ್ಲು, ನೆನಪಿನ ಅಳುಕು

ಎರಡನೆಯ ಮಹಾಯುದ್ಧ ಬಿರುಸಾಗಿದ್ದ 1942ರ ಆಗಸ್ಟ್‌ನಲ್ಲಿ ಶುರುವಾದ ‘ಭಾರತ ಬಿಟ್ಟು ತೊಲಗಿ’ ಚಳವಳಿ ಮೈಸೂರು ಸಂಸ್ಥಾನದ ಗಡಿ ದಾಟಿ ಒಳಗೆ ಬಂದಾಗ ಅದಕ್ಕೊಂದು ತೊಡಕು ಎದುರಾಯಿತು. ಎದುರು ನಿಂತವರಲ್ಲಿ ಬಿಳಿಯರು ಇರಲಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ತಾಲ್ಲೂಕು ಕಚೇರಿಗಳಲ್ಲಿ ಕೂತಿದ್ದ ಅಮಲ್ದಾರರು ಈ ನಾಡಿನವರೇ. ಠಾಣೆಯ ಪೇದೆಗೂ ಸುತ್ತಮುತ್ತ ಎಲ್ಲೋ ಒಂದು ಊರು, ಒಂದು ಹೊಲ ಇರುತ್ತಿತ್ತು. ಕಂದಾಯದ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬರುವ ಶಾನುಭೋಗರು, ಅವರ ಜೊತೆ ಬರುವ ಪಟೇಲರು ಊರ ಜಾತ್ರೆಯಲ್ಲಿ ತೇರಿನ ಮುಂದೆ ನಿಲ್ಲುವವರು. ಆಳುವ ಮಹಾರಾಜರ ಪಟ ಚಳವಳಿಗಾರರ ಮನೆಯ ಗೋಡೆಯ ಮೇಲೂ ತೂಗುತ್ತಿತ್ತು. ಬಾಂಬೆಯಲ್ಲೋ ಬೆಳಗಾವಿಯಲ್ಲೋ ಹೋರಾಡುತ್ತಿದ್ದವನಿಗೆ ಶತ್ರು ಎಂದರೆ ದೂರದ ಒಂದು ಸಾಮ್ರಾಜ್ಯ. ಮೈಸೂರು ಸೀಮೆಯಲ್ಲಿ ಕಲ್ಲು ಎತ್ತಿದವನಿಗೆ ತಾನು ಯಾರ ಮೇಲೆ ಎಸೆಯುತ್ತಿದ್ದೇನೆ ಎಂಬುದು ಹೆಸರು ಸಮೇತ ಗೊತ್ತಿರುತ್ತಿತ್ತು.

ಈ ಚಳವಳಿಯ ಇತಿಹಾಸವನ್ನು ಸಾಮಾನ್ಯವಾಗಿ ಮೆರವಣಿಗೆ, ಬಂಧನ, ಗೋಲಿಬಾರುಗಳ ಲೆಕ್ಕವಾಗಿ ಬರೆಯುವುದು ವಾಡಿಕೆ. ಅಹಿಂಸೆಯ ಮಾತು ಕೊಟ್ಟು ಹೊರಟವರ ಕಣ್ಣೆದುರೇ ರಕ್ತ ಹರಿದಾಗ ಆ ಹೊರೆಯನ್ನು ಯಾರು ಹೊತ್ತರು, ನೆನಪು ಅದನ್ನು ಎಲ್ಲಿ ಇಟ್ಟುಕೊಂಡಿತು ಎಂಬ ವಿಷಯ ಆ ಲೆಕ್ಕದಲ್ಲಿ ಬರುವುದು ಕಡಿಮೆ. ಪಾಪಪ್ರಜ್ಞೆ ಎಂಬುದು ಪುಸ್ತಕದ ಮಾತು. ಹೇಮಾವತಿ ದಂಡೆಯ ಹಳ್ಳಿಗಳಲ್ಲಿ ಜನ ಅದನ್ನು ಅಳುಕು ಎನ್ನುತ್ತಾರೆ, ಕೆಲವೊಮ್ಮೆ ಬರೀ ಪಾಪ ಎನ್ನುತ್ತಾರೆ.

ಆ ಅಳುಕಿನ ಮೊದಲ ದೊಡ್ಡ ಚಿತ್ರ ಬಂದದ್ದು ಚಳವಳಿಗಿಂತ ನಾಲ್ಕು ವರ್ಷ ಮೊದಲು, ಹಾಸನದ ಮಗನೊಬ್ಬ ಇಂಗ್ಲಿಷಿನಲ್ಲಿ ಬರೆದ ಕಾದಂಬರಿಯಲ್ಲಿ. ರಾಜಾ ರಾವ್ ಹುಟ್ಟಿದ್ದು 1908ರ ನವೆಂಬರ್ 8ರಂದು, ಹಾಸನದಲ್ಲಿ. 1929ರಲ್ಲಿ ಓದಲು ಫ್ರಾನ್ಸಿಗೆ ಹೋದ ಅವರು ಅಲ್ಲಿದ್ದುಕೊಂಡೇ ‘ಕಾಂತಾಪುರ’ ಬರೆದರು. ಅದು 1938ರಲ್ಲಿ ಅಚ್ಚಾಯಿತು. ಹಿಮಾವತಿ ಎಂಬ ಹೊಳೆ, ಕೆಂಚಮ್ಮ ಎಂಬ ಗ್ರಾಮದೇವತೆ, ಬೆಟ್ಟದ ಮೇಲೊಂದು ಬಿಳಿಯರ ಕಾಫಿ ತೋಟ: ಊರು ಕಲ್ಪನೆಯದಾದರೂ ಹಾಸನದವರಿಗೆ ಇದೆಲ್ಲ ಕಣ್ಣಿಗೆ ಕಟ್ಟಿದಂತಿರುತ್ತದೆ. ಆಲೂರು ತಾಲ್ಲೂಕಿನಲ್ಲಿ ಇವತ್ತಿಗೂ ಕೆಂಚಮ್ಮನ ಹೊಸಕೋಟೆ ಎಂಬ ಊರಿದೆ. ಕಾದಂಬರಿಯ ಮೂರ್ತಿ ಗಾಂಧಿಯ ಹೆಸರಿನಲ್ಲಿ ಊರನ್ನು ಕಟ್ಟುವ ಹುಡುಗ. ತೋಟದ ಕೂಲಿಗಳಿಗೆ ಅಕ್ಷರ ಕಲಿಸಲು ಹೋದಾಗ ಪೊಲೀಸಿನವನು ಅವನನ್ನು ಹೊಡೆಯುತ್ತಾನೆ. ಕೂಲಿಗಳು ತಿರುಗಿ ಪೊಲೀಸಿನವನ ಮೇಲೆ ಬೀಳುತ್ತಾರೆ. ಮೂರ್ತಿ ಸ್ವತಃ ಕೈ ಎತ್ತಿದವನಲ್ಲ. ಆದರೂ ಅಲ್ಲಿ ನಡೆದ ಹಿಂಸೆ ತನ್ನದೇ ತಪ್ಪು ಎಂದು ದೇವಸ್ಥಾನದಲ್ಲಿ ಮೂರು ದಿನ ಉಪವಾಸ ಕೂರುತ್ತಾನೆ. ಸ್ವಾತಂತ್ರ್ಯ ಹೋರಾಟದ ಸಾಹಿತ್ಯದಲ್ಲಿ ವೀರರಿಗೆ ಕೊರತೆಯಿಲ್ಲ. ತಾನು ಮಾಡದ ಏಟಿಗೆ ತಾನೇ ಪ್ರಾಯಶ್ಚಿತ್ತ ಮಾಡಿಕೊಳ್ಳುವ ಮೂರ್ತಿಯಂಥವರು ಅದರಲ್ಲಿ ವಿರಳ.

ಆ ಕಥೆಯನ್ನು ಹೇಳುವವಳು ಅಚ್ಚಕ್ಕ ಎಂಬ ಮುದುಕಿ. ಊರು ಹಾಳಾದ ಮೇಲೆ, ಬೇರೊಂದು ಹಳ್ಳಿಯಲ್ಲಿ ಆಶ್ರಯ ಪಡೆದು ಕೂತು ನೆನಪಿಸಿಕೊಳ್ಳುತ್ತಾಳೆ. ಮೂರ್ತಿ ಕೊನೆಗೆ ಗಾಂಧಿಯ ದಾರಿಯಿಂದ ಸ್ವಲ್ಪ ಸರಿದು ಜವಾಹರಲಾಲರ ಕಡೆ ವಾಲುತ್ತಾನೆ. ಹೋರಾಟಗಾರನ ಮನಸ್ಸು ಬದಲಾಗಿದೆ, ಮುದುಕಿಯ ನೆನಪು ಮಾತ್ರ ಹಾಳೂರಿನ ಹತ್ತಿರವೇ ಉಳಿದಿದೆ. ಕಥೆ ಹೇಳುವ ಕೆಲಸವನ್ನು ರಾಜಾ ರಾವ್ ಮೂರ್ತಿಗೆ ಕೊಡದೆ ಅವಳಿಗೆ ಕೊಟ್ಟದ್ದು ಅವರ ದೊಡ್ಡ ಕಾಣ್ಕೆ.

ಕಾದಂಬರಿ ಹೊರಬಂದ ವರ್ಷವೇ ಸಂಸ್ಥಾನದಲ್ಲಿ ನಿಜವಾದ ರಕ್ತ ಹರಿಯಿತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಕಾಂಗ್ರೆಸ್ಸಿನವರು ನಿಷೇಧ ಮೀರಿ ಧ್ವಜ ಹಾರಿಸಿದರು. ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಜಾತ್ರೆಗೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಚಳವಳಿಯ ಲೆಕ್ಕದಲ್ಲಿ ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಗುಂಡು ಹಾರಿಸಿದ್ದು ಮೈಸೂರು ಸರ್ಕಾರದ ಪೊಲೀಸರು. ಮಾದರಿ ಸಂಸ್ಥಾನ ಎಂದು ಹೆಸರಾದ ರಾಜ್ಯ ತನ್ನ ಪ್ರಜೆಗಳ ಮೇಲೆಯೇ ಬಂದೂಕು ಎತ್ತಬಹುದು ಎಂಬುದು ಅಂದು ಎಲ್ಲರಿಗೂ ತಿಳಿಯಿತು. ಅಲ್ಲಿಂದ ಮುಂದೆ ಎರಡೂ ಕಡೆ ಮನಸ್ಸು ಕಲ್ಲಾಗತೊಡಗಿತು.

ಯುದ್ಧ ಶುರುವಾದ ಮರುವರ್ಷ, 1940ರಲ್ಲಿ, ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ ನಡೆಯಿತು. ಯುರೋಪು ಹೊತ್ತಿ ಉರಿಯುವುದಕ್ಕೆ ಸಜ್ಜಾಗುತ್ತಿದ್ದ ಹೊತ್ತಿಗೆ ಹಾಸನ ಸೀಮೆಯ ಜನ ವಿಂಧ್ಯಗಿರಿಯ ಮೆಟ್ಟಿಲು ಹತ್ತಿ ಗೊಮ್ಮಟನ ತಲೆಯ ಮೇಲೆ ಹಾಲು, ಗಂಧ ಸುರಿಯುವುದನ್ನು ನೋಡಿದರು. ಆ ಮೂರ್ತಿಯ ಕಥೆ ಯುದ್ಧದ ಕಥೆಯೇ. ಅಣ್ಣ ಭರತನ ಜೊತೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಗೆದ್ದ ಬಾಹುಬಲಿ, ಅಣ್ಣನನ್ನು ಮೇಲಕ್ಕೆತ್ತಿ ನೆಲಕ್ಕಪ್ಪಳಿಸಬಹುದಾದ ಗಳಿಗೆಯಲ್ಲಿ ಹೇಸಿ ಅವನನ್ನು ಇಳಿಸಿ ತಪಸ್ಸಿಗೆ ನಡೆದ. 10ನೆಯ ಶತಮಾನದಲ್ಲೇ ಪಂಪ ಇದನ್ನು ‘ಆದಿಪುರಾಣ’ದಲ್ಲಿ ಹಾಡಿದ್ದ. ಆ ಮೂರ್ತಿಯನ್ನು ಕಡೆಸಿದ ಚಾವುಂಡರಾಯನೂ ಗಂಗರ ದಂಡನಾಯಕ, ಅನೇಕ ರಣಗಳನ್ನು ಕಂಡವನು. ಎದುರಿನ ಚಂದ್ರಗಿರಿಯ ಮೇಲಿರುವ ಒಂದು ಕಂಬದಲ್ಲಿ ಗಂಗ ದೊರೆ ಮಾರಸಿಂಹನ ಗೆಲುವುಗಳ ಸಾಲು ಪಟ್ಟಿಯೇ ಇದೆ. ಅಷ್ಟು ಗೆದ್ದವನು ಕೊನೆಗೆ ಬಂಕಾಪುರದಲ್ಲಿ ಗುರುವಿನ ಮುಂದೆ ಮೂರು ದಿನ ಉಪವಾಸವಿದ್ದು ದೇಹ ಬಿಟ್ಟ ಎಂಬ ಸಂಗತಿಯೂ ಅದೇ ಕಂಬದಲ್ಲಿದೆ. ಯುದ್ಧ ಮಾಡಿದವನ ಮನಸ್ಸು ಕೊನೆಗೆ ಏನನ್ನು ಬೇಡುತ್ತದೆ ಎಂಬ ವಿಚಾರ ಈ ಸೀಮೆಗೆ ಗಾಂಧಿಯಿಂದ ಬಂದದ್ದಲ್ಲ. ಸಾವಿರ ವರ್ಷದಿಂದ ಕಲ್ಲಿನಲ್ಲಿ ನಿಂತಿತ್ತು.

1942ರ ಆಗಸ್ಟ್ 8ರಂದು ಬಾಂಬೆಯಲ್ಲಿ ಕಾಂಗ್ರೆಸ್ ನಿರ್ಣಯ ಮಾಡಿತು. ಮರುದಿನ ಬೆಳಗಾಗುವುದರೊಳಗೆ ಗಾಂಧಿ ಸೇರಿದಂತೆ ನಾಯಕರೆಲ್ಲ ಜೈಲಿನಲ್ಲಿದ್ದರು. ‘ಮಾಡು ಇಲ್ಲವೇ ಮಡಿ’ ಎಂಬ ಮಾತು ಉಳಿಯಿತು. ಏನು ಮಾಡಬೇಕು, ಎಲ್ಲಿ ನಿಲ್ಲಬೇಕು ಎಂದು ಹೇಳಬೇಕಾದವರು ಹೊರಗೆ ಇರಲಿಲ್ಲ. ಮೈಸೂರು ಕಾಂಗ್ರೆಸ್ಸಿನ ಮುಂದಾಳುಗಳನ್ನೂ ಸರ್ಕಾರ ಹಿಡಿಯಿತು. ಮುಂದಿನ ತಿಂಗಳುಗಳಲ್ಲಿ ಎಲ್ಲೆಡೆ ಹಿಂಸೆ ತಲೆಯೆತ್ತಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ. ಅಹಿಂಸೆಗೆ ಶಿಸ್ತು ಬೇಕು, ಶಿಸ್ತಿಗೆ ಮುಂದೆ ನಿಂತು ತಡೆಯುವವರು ಬೇಕು.

ಹಾಸನ ಜಿಲ್ಲೆಯಲ್ಲಿ ಚಳವಳಿ ಹಿಡಿದ ದಾರಿ ಸಂತೆಯದು. ಬರ್ಮಾ ಜಪಾನೀಯರ ಕೈಸೇರಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತ್ತು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಬಟ್ಟೆಯ ಬೆಲೆ ಏರಿತ್ತು, ಚಿಲ್ಲರೆ ನಾಣ್ಯ ಕೂಡ ಮಾಯವಾಗುತ್ತಿತ್ತು. ಅಂಥ ಹೊತ್ತಿನಲ್ಲಿ ವಾರದ ಸಂತೆಗೆ ರಾಗಿ, ಮೆಣಸಿನಕಾಯಿ, ತೆಂಗಿನಕಾಯಿ, ಕೋಳಿ, ದನ ತಂದ ರೈತನ ಮುಂದೆ ಸುಂಕದವನು ಕೈಚಾಚುತ್ತಿದ್ದ. ಮಾರಾಟವಾಗಲಿ ಬಿಡಲಿ, ಬುಟ್ಟಿ ನೆಲ ಮುಟ್ಟಿದರೆ ಸುಂಕ. ಸಾಮ್ರಾಜ್ಯ, ನಿರ್ಣಯ, ಕಮಿಷನ್ ಇವೆಲ್ಲ ಪಟ್ಟಣದ ಮಾತು. ಸಂತೆ ಸುಂಕ ಹಳ್ಳಿಯವನ ಸೊಂಟದ ಚೀಲಕ್ಕೆ ತಾಗುವ ವಿಷಯ. ‘ಸುಂಕ ಕೊಡುವುದಿಲ್ಲ’ ಎಂಬ ಮಾತು ಜಿಲ್ಲೆಯ ಸಂತೆಗಳಲ್ಲಿ ಹಬ್ಬಿತು. ರೈತರು ಗುಂಪಾಗಿ ನಿರಾಕರಿಸಿದರು. ಹಳೇ ಮೈಸೂರಿನ ಚಳವಳಿಯಲ್ಲಿ ಶಾಲಾ ಹುಡುಗರ ಮೆರವಣಿಗೆಯನ್ನು ಮೀರಿ ಒಕ್ಕಲು ಮಕ್ಕಳು ನೇರವಾಗಿ ಇಳಿದ ಜಾಗಗಳಲ್ಲಿ ಹಾಸನ ಸೀಮೆ ಮುಖ್ಯವಾದದ್ದು.

ಸಂತೆಯ ಸತ್ಯಾಗ್ರಹಕ್ಕೆ ಒಂದು ಒಳ್ಳೆಯ ಗುಣವಿತ್ತು: ಅದು ನಿರಾಕರಣೆ. ಕೊಡದೆ ಇರುವುದಕ್ಕೆ ಯಾರನ್ನೂ ಹೊಡೆಯಬೇಕಿಲ್ಲ. ಆದರೆ ಸುಂಕದವನು ಸರ್ಕಾರದ ದೊಡ್ಡ ಅಧಿಕಾರಿಯಲ್ಲ, ಎಷ್ಟೋ ಸಲ ಅದೇ ಪೇಟೆಯ ಬಡಪಾಯಿ. ಅವನ ಮೇಲೆ ಮುಗಿಬೀಳುವುದಕ್ಕೂ ಅವನಿಗೆ ದುಡ್ಡು ಕೊಡದಿರುವುದಕ್ಕೂ ನಡುವೆ ಇದ್ದದ್ದು ಒಂದು ಕೂಗಿನಷ್ಟು ದೂರ.

ಈ ಜಿಲ್ಲೆಯಲ್ಲಿ ಆ ದೂರವನ್ನು ಕಾಪಾಡುವ ಪಾಠವನ್ನು ವರ್ಷಗಳಿಂದ ಹೇಳುತ್ತಿದ್ದವರಲ್ಲಿ ಗೊರೂರು ರಾಮಸ್ವಾಮಿ ಅಯ್ಯಂಗಾರರು ಒಬ್ಬರು. 1904ರಲ್ಲಿ ಹೇಮಾವತಿ ದಂಡೆಯ ಗೊರೂರಿನಲ್ಲಿ ಹುಟ್ಟಿ, ಓದು ಬಿಟ್ಟು ಗುಜರಾತಿಗೆ ಹೋಗಿ ಗಾಂಧಿಯ ವಿದ್ಯಾಪೀಠದಲ್ಲಿ ಕಲಿತು, ಖಾದಿಯ ಕೆಲಸ ಹೊತ್ತು ಊರಿಗೆ ಮರಳಿದವರು. ‘ಹಳ್ಳಿಯ ಚಿತ್ರಗಳು’, ‘ನಮ್ಮ ಊರಿನ ರಸಿಕರು’ ಓದಿದ ಕನ್ನಡಿಗರಿಗೆ ಅವರು ನಗಿಸುವ ಲೇಖಕರು. 1942ರಲ್ಲಿ ಸರ್ಕಾರಕ್ಕೆ ಅವರು ಜೈಲಿಗೆ ಹಾಕಬೇಕಾದ ಚಳವಳಿಗಾರರು. ಐದು ವರ್ಷದ ಬಳಿಕ, 1947ರ ಜವಾಬ್ದಾರಿ ಸರ್ಕಾರದ ಹೋರಾಟದಲ್ಲಿ, ಅವರ ಮಗ ರಾಮಚಂದ್ರ ಪ್ರಾಣ ತೆತ್ತರು. ಊರಿನ ಒಬ್ಬೊಬ್ಬ ಮನುಷ್ಯನನ್ನೂ ಅಷ್ಟು ಅಕ್ಕರೆಯಿಂದ ಬರೆದ ಕೈ ಈ ನಷ್ಟವನ್ನು ಹೊತ್ತುಕೊಂಡೇ 1991ರವರೆಗೆ ಬರೆಯಿತು. ಗೊರೂರರ ನಗೆಯನ್ನು ಓದುವಾಗ ಇದನ್ನು ಮರೆಯುವುದು ಅನ್ಯಾಯ.

ಯುರೋಪಿನಿಂದ 1939ರಲ್ಲಿ ಮರಳಿದ್ದ ರಾಜಾ ರಾವ್ 1942ರಲ್ಲಿ ಯುವ ಸಮಾಜವಾದಿಗಳ ಜೊತೆ ಸೇರಿ ಭೂಗತ ಕೆಲಸಕ್ಕೆ ಇಳಿದರು. ಮೂರ್ತಿಯ ಉಪವಾಸವನ್ನು ಬರೆದವರು ಈಗ ಗುಟ್ಟಿನ ಹೋರಾಟದ ಒಳಗಿದ್ದರು. ಗುಟ್ಟು ಎಂಬುದೇ ಗಾಂಧಿಗೆ ಒಪ್ಪದ ಮಾತು. ಮುಚ್ಚಿಟ್ಟುಕೊಳ್ಳುವುದರಲ್ಲೇ ಹಿಂಸೆಯ ಬೀಜವಿದೆ ಎಂಬುದು ಅವರ ನಿಲುವು. ಆದರೂ ಜಯಪ್ರಕಾಶ ನಾರಾಯಣ, ರಾಮಮನೋಹರ ಲೋಹಿಯಾ, ಅರುಣಾ ಆಸಫ್ ಅಲಿ, ಅಚ್ಯುತ ಪಟವರ್ಧನರಂಥವರು ಭೂಗತರಾಗಿಯೇ ಚಳವಳಿಯನ್ನು ಉಳಿಸಿದರು. ತಂತಿ ಕತ್ತರಿಸುವುದು, ಹಳಿ ಕೀಳುವುದು, ಟಪಾಲು ಸುಡುವುದು ಹಿಂಸೆಯೇ ಎಂಬ ವಾದ ಅಂದು ಜೈಲಿನ ಬ್ಯಾರಕ್ಕುಗಳಲ್ಲೂ ನಡೆಯುತ್ತಿತ್ತು. ವಸ್ತುವಿಗೆ ಏಟು ಬೀಳಲಿ, ಮನುಷ್ಯನಿಗೆ ಬೇಡ ಎಂಬುದು ಬಹುಪಾಲು ಜನ ತಮಗೆ ತಾವೇ ಎಳೆದುಕೊಂಡ ಗೆರೆ.

ಬೆಂಗಳೂರಿನಲ್ಲಿ ಆಗಷ್ಟೇ ಮೇಷ್ಟರ ಕೆಲಸಕ್ಕೆ ಸೇರಿದ್ದ 24 ವರ್ಷದ ಎಚ್.ಎಸ್. ದೊರೆಸ್ವಾಮಿ ಈ ಗೆರೆಯ ಮೇಲೆಯೇ ನಡೆದರು. ಅಂಚೆ ಡಬ್ಬಿಗಳಲ್ಲಿ, ಸರ್ಕಾರಿ ಕಚೇರಿಗಳ ದಾಖಲೆ ಕೋಣೆಗಳಲ್ಲಿ ಸಣ್ಣ ಟೈಂ ಬಾಂಬ್ ಇಟ್ಟು ಕಾಗದ ಸುಡುವುದು ಅವರ ಗುಂಪಿನ ಕೆಲಸವಾಗಿತ್ತು. ಸಿಕ್ಕಿಬಿದ್ದ ಅವರು 14 ತಿಂಗಳು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿದ್ದರು. ಆ ಬಾಂಬುಗಳು ಯಾರ ಪ್ರಾಣಕ್ಕೂ ಇಟ್ಟವಲ್ಲ, ಸರ್ಕಾರದ ವ್ಯವಹಾರ ಕೆಡಿಸುವುದಕ್ಕೆ ಇಟ್ಟವು ಎಂದು ಅವರು ಮುಂದಿನ ಎಪ್ಪತ್ತು ವರ್ಷವೂ ಕೇಳಿದವರಿಗೆಲ್ಲ ಹೇಳುತ್ತಿದ್ದರು. ಬೂಟಾಟಿಕೆ ಇಲ್ಲದ ಗಾಂಧಿವಾದಿಯೊಬ್ಬರು ಇದನ್ನು ಮತ್ತೆ ಮತ್ತೆ ಬಿಡಿಸಿ ಹೇಳಬೇಕಾಗಿ ಬಂತು ಎಂಬುದರಲ್ಲೇ ಆ ಗೆರೆ ಎಷ್ಟು ಸಣ್ಣದಿತ್ತು ಎಂಬುದು ತಿಳಿಯುತ್ತದೆ. ಹಾವೇರಿ ಸೀಮೆಯಲ್ಲಿ ಮೈಲಾರ ಮಹಾದೇವರ ತಂಡವೂ ಯಾರನ್ನೂ ಕೊಲ್ಲದ ನಿಯಮ ಹಾಕಿಕೊಂಡಿತ್ತು; 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದಾಗ ಮಹಾದೇವ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಮೂವರೂ ಪೊಲೀಸರ ಗುಂಡಿಗೆ ಬಿದ್ದರು.

ಆ ಗೆರೆ ಪೂರ್ತಿ ಅಳಿಸಿಹೋದದ್ದು ಹಾಸನದಿಂದ ಉತ್ತರಕ್ಕೆ, ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ. ಕುಮುದ್ವತಿ ಹೊಳೆಯ ದಂಡೆಯ ಈ ಹಳ್ಳಿಯವರು ಕಂದಾಯಕ್ಕೆ ಬಂದ ಶಾನುಭೋಗರು ಮತ್ತು ಪಟೇಲರ ಕೈಯಿಂದ ಲೆಕ್ಕದ ಪುಸ್ತಕಗಳನ್ನು ಕಿತ್ತುಕೊಂಡರು. ವೀರಭದ್ರೇಶ್ವರ ದೇವಸ್ಥಾನದ ಮೇಲೆ ಧ್ವಜ ಏರಿಸಿ ಊರು ಸ್ವತಂತ್ರವಾಯಿತೆಂದು ಸಾರಿದರು. ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳು ಒಳಗೆ ಬರಕೂಡದೆಂದು ಊರ ಬಾಗಿಲಲ್ಲಿ ಬೋರ್ಡು ತೂಗಿತು. ತಮ್ಮದೇ ಸರ್ಕಾರ ಕಟ್ಟಿ ಹುಡುಗರನ್ನು ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿದರು. ಚಿಕ್ಕವರಾದರೆ ಜೈಲಿಗೆ ಹಾಕಲಾರರು ಎಂಬುದು ಹಿರಿಯರ ಲೆಕ್ಕ. ಓದುವಾಗ ಮುಖದಲ್ಲಿ ನಗು ತರುವ ಸಂಗತಿ ಇದು. ಆಟದ ಸರ್ಕಾರದಂತೆ ಕಾಣುವ ಈ ವ್ಯವಸ್ಥೆಯ ಹಿಂದೆ ಇದ್ದದ್ದು ಮಕ್ಕಳನ್ನು ಜೈಲಿನಿಂದ ಕಾಪಾಡಿಕೊಂಡೇ ರಾಜ್ಯವನ್ನು ಎದುರಿಸಬಹುದೆಂಬ ಮುಗ್ಧ ನಂಬಿಕೆ.

1942ರ ಸೆಪ್ಟೆಂಬರ್ 28ರಂದು ಅಮಲ್ದಾರ ಚನ್ನಕೃಷ್ಣಪ್ಪ, ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡ ಪೊಲೀಸರೊಂದಿಗೆ ಊರಿಗೆ ಬಂದರು. ಒಳಗೆ ಬರಬೇಕಾದರೆ ಗಾಂಧಿ ಟೋಪಿ ಹಾಕಿಕೊಳ್ಳಬೇಕು ಎಂದರು ಊರವರು. ಮಾತಿಗೆ ಮಾತು ಬೆಳೆಯಿತು, ಲಾಠಿ ಎದ್ದಿತು, ಗುಂಡಿನ ಸದ್ದಾಯಿತು. ಕೆರಳಿದ ಜನ ಮೇಲೆ ಬಿದ್ದರು. ಅಮಲ್ದಾರ, ಇನ್ಸ್‌ಪೆಕ್ಟರ್ ಇಬ್ಬರೂ ಅಲ್ಲೇ ಸತ್ತರು. ಇಬ್ಬರೂ ಕನ್ನಡಿಗರು, ಸಂಬಳಕ್ಕೆ ದುಡಿಯುತ್ತಿದ್ದವರು. ಗುಂಪಿನಲ್ಲಿ ಯಾರ ಏಟು ಯಾರಿಗೆ ಬಿತ್ತು ಎಂದು ಬಿಡಿಸಿ ಹೇಳುವುದು ಹೊಡೆದವರಿಗೂ ಸಾಧ್ಯವಾಗದಂಥ ಗಳಿಗೆ ಅದು. ಒಂಟಿಯಾಗಿ ಕೊಂದವನು ತನ್ನ ಪಾಲನ್ನು ತಾನು ಬಲ್ಲ. ಗುಂಪಿನಲ್ಲಿ ಕೈ ಎತ್ತಿದವನಿಗೆ ತನ್ನ ಪಾಲು ಎಷ್ಟು ಎಂಬುದು ಕೊನೆಯವರೆಗೂ ತೀರ್ಮಾನವಾಗುವುದಿಲ್ಲ.

ಮುಂದಿನದು ಊರಿನ ಶಿಕ್ಷೆ. ಪೊಲೀಸರು, ಸೈನಿಕರು ಈಸೂರಿಗೆ ನುಗ್ಗಿದರು. ಮನೆಗಳು ಲೂಟಿಯಾದವು, ಬೆಂಕಿಗೆ ಬಿದ್ದವು. ಜನ ಕಾಡಿಗೆ ಓಡಿದರು. ಹೊಡೆದಾಟದಲ್ಲಿ ಕೈ ಹಾಕದವರೂ, ಎಳೆಗೂಸು ಎತ್ತಿಕೊಂಡ ಬಾಣಂತಿಯರೂ ಅದರ ಫಲ ಉಂಡರು. ಆಮೇಲೆ ಬಂಧನ, ವಿಚಾರಣೆ. ಗುಂಪು ಮಾಡಿದ್ದನ್ನು ಕಾನೂನು ಹೆಸರುಗಳಾಗಿ ಒಡೆಯಬೇಕಾಗಿತ್ತು; ಒಡೆಯಿತು. ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಬಡೇಕಳ್ಳಿ ಹಾಲಪ್ಪ, ಗೌಡ್ರ ಶಂಕರಪ್ಪ, ಈ ಐವರನ್ನು 1943ರ ಮಾರ್ಚ್ 8, 9, 10ರಂದು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಿದರು. ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಎಂಬ ಹೆಂಗಸರೂ ಸೇರಿದಂತೆ ಹಲವರಿಗೆ ಜೀವಾವಧಿ ಶಿಕ್ಷೆಯಾಯಿತು. ಘಟನೆಯಿಂದ ಗಲ್ಲಿನವರೆಗೆ ಆರು ತಿಂಗಳೂ ಹಿಡಿಯಲಿಲ್ಲ. ನೇಣಿಗೆ ಹಗ್ಗ ಹಾಕಿದ್ದೂ ಬ್ರಿಟಿಷರಲ್ಲ, ಮೈಸೂರು ಸರ್ಕಾರ.

ಇದೇ ದಿನಗಳಲ್ಲಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಸೆರೆಯಲ್ಲಿದ್ದ ಗಾಂಧಿ 21 ದಿನದ ಉಪವಾಸ ಮಾಡಿದರು. 1943ರ ಫೆಬ್ರವರಿ 10ಕ್ಕೆ ಆರಂಭವಾದ ಅದು ಮಾರ್ಚ್ 3ಕ್ಕೆ ಮುಗಿಯಿತು. ದೇಶದಲ್ಲಿ ನಡೆದ ಹಿಂಸೆಗೆಲ್ಲ ಕಾಂಗ್ರೆಸ್ಸೇ ಹೊಣೆ ಎಂದು ವೈಸ್‌ರಾಯ್ ಲಿನ್‌ಲಿತ್‌ಗೋ ಒತ್ತಿ ಹೇಳುತ್ತಿದ್ದರು. ನಾಯಕರನ್ನು ಒಮ್ಮೆಗೇ ಹಿಡಿದು ಜನರನ್ನು ಹುಚ್ಚೆಬ್ಬಿಸಿದ ಸರ್ಕಾರವೇ ಹೊಣೆ ಎಂಬುದು ಗಾಂಧಿಯ ಉತ್ತರ. ಉಪವಾಸ ಮುಗಿದ ಐದನೆಯ ದಿನ ಈಸೂರಿನ ಮೊದಲ ಗಲ್ಲು. ಪುಣೆಯಲ್ಲಿ ನಡೆಯುತ್ತಿದ್ದ ವಾದಕ್ಕೂ ಬೆಂಗಳೂರಿನ ಜೈಲಿನ ಅಂಗಳಕ್ಕೂ ನಡುವೆ ಪತ್ರ ಓಡಾಡಲಿಲ್ಲ. ಆದರೆ ಎರಡೂ ಕಡೆ ಇತ್ಯರ್ಥವಾಗಬೇಕಾಗಿದ್ದ ಪ್ರಶ್ನೆ ಒಂದೇ: ಸತ್ತವನ ಹೊಣೆ ಯಾರದು?

1944ರ ಮೇ ತಿಂಗಳಲ್ಲಿ ಬಿಡುಗಡೆಯಾದ ಗಾಂಧಿ ಭೂಗತರಾಗಿದ್ದ ಕಾರ್ಯಕರ್ತರಿಗೆ ಹೊರಗೆ ಬಂದು ತಮ್ಮನ್ನು ಒಪ್ಪಿಸಿಕೊಳ್ಳಿ ಎಂದರು. ಅವರ ಧೈರ್ಯವನ್ನು ಮೆಚ್ಚಿಕೊಂಡರು, ಗುಟ್ಟಿನ ದಾರಿಯನ್ನು ಮಾತ್ರ ಒಪ್ಪಲಿಲ್ಲ. ಕೆಲವರು ಒಪ್ಪಿಸಿಕೊಂಡರು. ಅರುಣಾ ಆಸಫ್ ಅಲಿ ಒಪ್ಪದೆ 1946ರವರೆಗೆ ಭೂಗತರಾಗಿಯೇ ಉಳಿದರು. ಎರಡು ವರ್ಷ ಊರೂರು ಅಲೆದು, ಮನೆ ಬಿಟ್ಟು, ಹೆಸರು ಬದಲಿಸಿಕೊಂಡು ದುಡಿದವರಿಗೆ, ತಾವು ಯಾರ ಹೆಸರಿನಲ್ಲಿ ಇದನ್ನೆಲ್ಲ ಮಾಡಿದೆವೋ ಅವರೇ ಇದು ಸರಿಯಾದ ದಾರಿಯಲ್ಲ ಎಂದಾಗ ಏನನ್ನಿಸಿರಬೇಡ! ಹೋರಾಟಗಾರರ ಅಳುಕಿನಲ್ಲಿ ಶತ್ರುವಿನ ಆರೋಪಕ್ಕಿಂತ ಗುರುವಿನ ಈ ಮೃದುವಾದ ಅಸಮ್ಮತಿಯ ಪಾಲು ದೊಡ್ಡದು.

ಇಂಥದೇ ಅನುಭವವನ್ನು ಅದೇ ಯುದ್ಧ ಯುರೋಪಿನಲ್ಲಿ ಬೇರೆ ರೀತಿಯಲ್ಲಿ ಕೊಟ್ಟಿತು. ಈಸೂರಿನ ಘಟನೆಗೆ ಮೂರೂವರೆ ತಿಂಗಳು ಮೊದಲು, 1942ರ ಜೂನ್ 10ರಂದು, ನಾಜಿ ಅಧಿಕಾರಿ ಹೈಡ್ರಿಕ್‌ನ ಹತ್ಯೆಗೆ ಪ್ರತೀಕಾರವಾಗಿ ಚೆಕ್ ಹಳ್ಳಿ ಲಿಡಿಚೆಯ ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಕೊಂದರು. ರೋಮಿನಲ್ಲಿ 1944ರ ಮಾರ್ಚ್ 23ರಂದು ರೊಸಾರಿಯೊ ಬೆಂಟಿವೆನ್ಯಾ ಎಂಬ ಯುವಕ ಕಸ ಗುಡಿಸುವವನ ವೇಷದಲ್ಲಿ ಗಾಡಿಯಲ್ಲಿ ಬಾಂಬ್ ತಂದಿಟ್ಟ. 33 ಜರ್ಮನ್ ಪೊಲೀಸರು ಸತ್ತರು. ಮರುದಿನ ಜರ್ಮನ್ನರು 335 ಜನರನ್ನು ಗುಹೆಗಳಿಗೆ ಒಯ್ದು ಕೊಂದರು. ಇಟಲಿಯ ಸರ್ವೋಚ್ಚ ನ್ಯಾಯಾಲಯ 1999ರಲ್ಲಿ ಅವನ ಕೆಲಸವನ್ನು ನ್ಯಾಯವಾದ ಯುದ್ಧಕಾರ್ಯ ಎಂದಿತು. ಆದರೂ 2012ರಲ್ಲಿ ಸಾಯುವವರೆಗೂ ಅವನು ಆ 335 ಜನರ ಬಗೆಗಿನ ಪ್ರಶ್ನೆಗೆ ಉತ್ತರಿಸುತ್ತಲೇ ಇರಬೇಕಾಯಿತು.

ಪ್ರಿಮೊ ಲೆವಿಯ ಕಥೆ ಇನ್ನೂ ಒಳಗಿನದು. ಆಶ್ವಿಟ್ಸ್ ಶಿಬಿರದ ಬಗ್ಗೆ ಜಗತ್ತಿಗೆ ಅತ್ಯಂತ ಸ್ಪಷ್ಟವಾಗಿ ಸಾಕ್ಷಿ ಹೇಳಿದ ಈ ಇಟಾಲಿಯನ್ ಲೇಖಕ ಅದಕ್ಕೆ ಮೊದಲು ಕೆಲವು ವಾರ ಬೆಟ್ಟದ ಗೆರಿಲ್ಲಾ ಗುಂಪಿನಲ್ಲಿದ್ದು 1943ರ ಡಿಸೆಂಬರ್‌ನಲ್ಲಿ ಸಿಕ್ಕಿಬಿದ್ದ. ಅಲ್ಲಿ ಆ ಗುಂಪು ತನ್ನದೇ ಇಬ್ಬರು ಹುಡುಗರನ್ನು ಕೊಂದಿತ್ತು. 1975ರ ತನ್ನ ಪುಸ್ತಕವೊಂದರಲ್ಲಿ ಲೆವಿ ಇದನ್ನು ಕೆಲವೇ ಸಾಲುಗಳಲ್ಲಿ, ಹೋರಾಡುವ ಹುರುಪನ್ನೇ ಕಿತ್ತುಕೊಂಡ ಗುಟ್ಟು ಎಂಬಂತೆ, ಹೇಳಿ ಮುಂದೆ ಹೋಗುತ್ತಾನೆ. ಸಾವಿರಾರು ಪುಟ ಬರೆದವನು ಇಲ್ಲಿ ಕೆಲವೇ ಸಾಲಿಗೆ ನಿಂತ. 2013ರಲ್ಲಿ ಇತಿಹಾಸಕಾರ ಸೆರ್ಜಿಯೊ ಲುಜಾಟೊ ಅದನ್ನೇ ಹಿಡಿದು ಇಡೀ ಪುಸ್ತಕ ಬರೆದಾಗ ಇಟಲಿಯಲ್ಲಿ ದೊಡ್ಡ ಜಗಳವೇ ಆಯಿತು. ಪ್ರತಿರೋಧದ ವೀರರ ಮೇಲೆ ಮಸಿ ಬಳಿಯುತ್ತಿದ್ದೀರಿ ಎಂದು ಕೆಲವರು ಸಿಟ್ಟಾದರು. ಆದರೆ ಲೆವಿ ಮುಚ್ಚಿಡಲಿಲ್ಲ. ತನ್ನ ಕೈಲಾದಷ್ಟು ಹೇಳಿದ್ದ. ಅಷ್ಟು ಹೇಳುವುದಕ್ಕೂ ಅವನಿಗೆ ಮೂವತ್ತು ವರ್ಷ ಹಿಡಿದಿತ್ತು.

ರಾಜಾ ರಾವ್ ಅವರ ಬರವಣಿಗೆಯಲ್ಲಿಯೂ ಇಂಥದೊಂದು ಖಾಲಿ ಜಾಗವಿದೆ. ‘ಕಾಂತಾಪುರ’ ಬಂದ 1938ರ ನಂತರ ಅವರ ಮುಂದಿನ ಕಾದಂಬರಿ ಬಂದದ್ದು 1960ರಲ್ಲಿ. ಅದರ ವಸ್ತು ಅಧ್ಯಾತ್ಮ ಮತ್ತು ದಾಂಪತ್ಯ. ತಾವು ನೋಡದ ಸತ್ಯಾಗ್ರಹವನ್ನು ದೂರದ ಫ್ರಾನ್ಸಿನಲ್ಲಿ ಕೂತು ಅಷ್ಟು ಜೀವಂತವಾಗಿ ಬರೆದವರು ತಾವೇ ಒಳಗಿದ್ದ 1942ನ್ನು ಅಂಥ ಕಾದಂಬರಿಯಾಗಿ ಬರೆಯಲಿಲ್ಲ. 2006ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಅವರು ತೀರಿಕೊಂಡರು.

ಮೈಸೂರಿನಲ್ಲಿ ಲೆಕ್ಕ ಚುಕ್ತಾ ಆದದ್ದು ಸ್ವಾತಂತ್ರ್ಯದ ದಿನಕ್ಕೂ ಎರಡು ತಿಂಗಳು ತಡವಾಗಿ. ಆಗಸ್ಟ್ 15 ಬಂದರೂ ಸಂಸ್ಥಾನದಲ್ಲಿ ಜನರ ಸರ್ಕಾರ ಬಂದಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಶುರುವಾಯಿತು. ಅಕ್ಟೋಬರ್‌ನಲ್ಲಿ ಒಪ್ಪಂದವಾಗಿ ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ಮಹಾರಾಜರು ಉಳಿದರು, ಅಮಲ್ದಾರರು ಉಳಿದರು, ಪೊಲೀಸರೂ ಉಳಿದರು. ನಿನ್ನೆ ಹೊಡೆದವನು, ಹೊಡೆಸಿಕೊಂಡವನು ಇಬ್ಬರೂ ಇವತ್ತು ಒಂದೇ ಸರ್ಕಾರದವರು. ಫ್ರಾನ್ಸಿನಲ್ಲಿ, ಇಟಲಿಯಲ್ಲಿ ಶತ್ರು ಗಡಿಯಾಚೆ ಹೋದ. ಇಲ್ಲಿ ಅಂಥ ವಿದಾಯವೇ ನಡೆಯಲಿಲ್ಲ. ಹಳೆಯ ಚಳವಳಿಗಾರ ಪಹಣಿಗಾಗಿ ಅದೇ ತಾಲ್ಲೂಕು ಕಚೇರಿಯ ಅದೇ ಮೆಟ್ಟಿಲು ಹತ್ತಬೇಕಾಗಿತ್ತು. ಸಿಟ್ಟು ಇಟ್ಟುಕೊಳ್ಳುವುದಕ್ಕೂ ಕ್ಷಮೆ ಕೇಳುವುದಕ್ಕೂ ಸರಿಯಾದ ಸಂದರ್ಭ ಒದಗಲಿಲ್ಲ.

1972ರಲ್ಲಿ, ಸ್ವಾತಂತ್ರ್ಯದ 25ನೆಯ ವರ್ಷಕ್ಕೆ, ಕೇಂದ್ರ ಸರ್ಕಾರ ಹೋರಾಟಗಾರರಿಗೆ ತಾಮ್ರಪತ್ರ ಕೊಟ್ಟು ಪಿಂಚಣಿ ಆರಂಭಿಸಿತು. ಕನಿಷ್ಠ ಆರು ತಿಂಗಳು ಜೈಲಿನಲ್ಲಿ ಇದ್ದುದಕ್ಕೆ ದಾಖಲೆ ಬೇಕು. ಭೂಗತರಾಗಿದ್ದರೆ ಕೋರ್ಟಿನ ವಾರಂಟೋ ತಲೆಗೆ ಬಹುಮಾನ ಕಟ್ಟಿದ ಆದೇಶವೋ ತೋರಿಸಬೇಕು. ಅಂದರೆ ಹಿಂದೆ ಅಪರಾಧದ ಗುರುತಾಗಿದ್ದ ಕಾಗದವೇ ಈಗ ಗೌರವದ ಪುರಾವೆ. ದಾಖಲೆ ಕೋಣೆಗಳಿಗೆ ಬೆಂಕಿ ಇಡಲು ಹೊರಟಿದ್ದವರ ತಲೆಮಾರು ಮೂವತ್ತು ವರ್ಷದ ಮೇಲೆ ಅವೇ ಕೋಣೆಗಳಲ್ಲಿ ತಮ್ಮ ಹೆಸರು ಹುಡುಕಿಕೊಡಿ ಎಂದು ಗುಮಾಸ್ತರ ಮುಂದೆ ನಿಂತಿತು. ಸಂತೆಯಲ್ಲಿ ಸುಂಕ ಕೊಡದೆ ಲಾಠಿ ಏಟು ತಿಂದು ಮನೆಗೆ ಹೋದ ಹಾಸನದ ರೈತನಿಗೆ ಯಾವ ಕಾಗದವೂ ಇರಲಿಲ್ಲ. ರಾಜ್ಯ ನೆನಪಿಟ್ಟುಕೊಂಡದ್ದು ತಾನು ಬರೆದಿಟ್ಟುಕೊಂಡದ್ದನ್ನು ಮಾತ್ರ.

ಈಸೂರು ನೆನಪಿಟ್ಟುಕೊಂಡ ಬಗೆ ಬೇರೆ. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಘೋಷಣೆ ಶಾಲೆಯ ಪಾಠಗಳವರೆಗೂ ಬಂತು. ಊರಿನಲ್ಲಿ ಹುತಾತ್ಮರ ಸ್ಮಾರಕ ನಿಂತಿತು. ಐವರ ಹೆಸರನ್ನು ಶಿವಮೊಗ್ಗ ಸೀಮೆಯ ಮಕ್ಕಳು ಬಾಯಿಪಾಠ ಹೇಳುತ್ತಾರೆ. ಹಾಗೆ ಹೇಳುವುದು ನ್ಯಾಯವೇ. ಅವರು ಊರಿನ ಪಾಲಿನ ಶಿಕ್ಷೆಯನ್ನು ತಮ್ಮ ಕೊರಳಿಗೆ ಹಾಕಿಕೊಂಡವರು. ಆದರೆ ಸೆಪ್ಟೆಂಬರ್ 28ರಂದು ಸತ್ತವರು ಇಬ್ಬರು. ಆ ಇಬ್ಬರಿಗೂ ಮನೆಯಿತ್ತು, ಕಾಯುವವರಿದ್ದರು. ಅವರ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಘಟನೆಯ ಕಾರಣವಾಗಿ ಮಾತ್ರ ಉಳಿದಿದೆ.

ದೊರೆಸ್ವಾಮಿ ತಮ್ಮ ಆತ್ಮಕಥೆಗೆ ‘ನೆನಪಿನ ಸುರುಳಿ ತೆರೆದಾಗ’ ಎಂದು ಹೆಸರಿಟ್ಟರು. ಕೊನೆಯ ವರ್ಷಗಳವರೆಗೂ ಬೆಂಗಳೂರಿನ ಧರಣಿಗಳಲ್ಲಿ ಬಿಳಿ ಖಾದಿಯುಟ್ಟು ಕೂರುತ್ತಿದ್ದರು. ಭೂಮಿ ಕಳೆದುಕೊಂಡವರು, ಕೆರೆ ಉಳಿಸಲು ಹೊರಟವರು ಕರೆದಲ್ಲಿಗೆ ಹೋಗುತ್ತಿದ್ದರು. ಅಲ್ಲಿಗೆ ಬರುವ ಹುಡುಗರು 1942ರ ಬಾಂಬಿನ ಕಥೆ ಕೇಳಿದರೆ ಹೇಳುತ್ತಿದ್ದರು, ಅಂಚೆ ಡಬ್ಬಿ, ಕಾಗದ, ಬೆಂಕಿ ಎಲ್ಲವನ್ನೂ. ಹೇಳಿ, ಅದರಿಂದ ಯಾರೂ ಸಾಯಬಾರದೆಂದೇ ಇಟ್ಟದ್ದು ಎಂಬ ಮಾತನ್ನು ಸೇರಿಸುತ್ತಿದ್ದರು. 2021ರ ಮೇ 26ರಂದು, 103ನೆಯ ವಯಸ್ಸಿನಲ್ಲಿ, ಅವರು ಬೆಂಗಳೂರಿನಲ್ಲಿ ತೀರಿಕೊಂಡರು.